ಎಂಜಿನ್ನಿನ ಹಲ್ಲು ಕಿತ್ತ ಡಾಕ್ಟರು

"ಮೆಕ್ಯಾನಿಕ್ ಯಾಕೆ? ನಾನಿಲ್ವಾ?"

ಹಲ್ಲಿನ ಡಾಕ್ಟರು ಹೀಗೆಂದು ಬೆಳಗಿನ ಚಹಾದ ಲೋಟವನ್ನು ಮೇಜಿನ ಮೇಲೆ ಕುಕ್ಕಿದಾಗ ಅವರ ಹೆಂಡತಿ ತಮ್ಮ ಲೋಟವನ್ನೂ ಕೆಳಗಿಟ್ಟರು. ಈ ಮಾತನ್ನು ಆಕೆ ಮೊದಲೂ ಕೇಳಿದ್ದರು. "ಪ್ಲಂಬರ್ ಯಾಕೆ, ನಾನಿಲ್ವಾ" ಎಂದ ದಿನದಿಂದ ಅವರ ಬಚ್ಚಲುಮನೆಯಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿದರೆ ಬಿಸಿನೀರು, ಬಿಸಿನೀರಿನ ನಲ್ಲಿ ತಿರುಗಿಸಿದರೆ ಬರೀ ಸದ್ದು ಬರುತ್ತಿತ್ತು. "ಎಲೆಕ್ಟ್ರಿಷಿಯನ್ ಯಾಕೆ" ಎಂದ ದಿನದಿಂದ ಯಾರಾದರೂ ಕರೆಗಂಟೆ ಒತ್ತಿದರೆ ನಡುಮನೆಯ ದೀಪ ಆರುತ್ತಿತ್ತು. ಕತ್ತಲಾಯಿತೆಂದರೆ ನೆಂಟರು ಬಂದರೆಂದು ಅರ್ಥ.

"ಇವತ್ತೊಂದಿನ ಬೇಡ ರೀ" ಎಂದರು ಆಕೆ. "ಮೂರು ಗಂಟೆಗೆ ನನ್ನ ಡ್ರೈವಿಂಗ್ ಟೆಸ್ಟ್ ಇದೆ. ನಾಳೆ ನೀವು ಕಾರನ್ನ ಬಿಚ್ಚಿ ಹರವಿ, ಬೇಕಾದ್ರೆ ಒಗೆದು ಒಣಗಿಹಾಕಿ. ನಾನು ಕೇಳಲ್ಲ."

"ಟೆಸ್ಟ್ ಇರೋದಕ್ಕೇ ಹೇಳ್ತಿರೋದು. ಆ ಕೆಂಪು ದೀಪ ಉರೀತಿದ್ರೆ ಅವರು ಕಾರನ್ನ ಗೇಟಿನೊಳಗೇ ಬಿಡಲ್ಲ."

ಅದು ನಿಜವಾಗಿತ್ತು. ಹಿಂದಿನ ಸಂಜೆ ಕಾರು ಮನೆಗೆ ಬರುವಾಗ ಸ್ಟಿಯರಿಂಗ್ ಹಿಂದಿನ ಫಲಕದಲ್ಲಿ ಎಣ್ಣೆಯ ಗಿಂಡಿಯ ಆಕಾರದ ಕೆಂಪು ದೀಪವೊಂದು ಹತ್ತಿಕೊಂಡಿತ್ತು. ಎಂಜಿನ್ನಿನೊಳಗೆ ಆಯಿಲ್ ಬೇಕಾದಷ್ಟು ಒತ್ತಡದಲ್ಲಿ ಓಡಾಡುತ್ತಿಲ್ಲ ಎಂದು ಆ ದೀಪದ ಅರ್ಥ. ಇಲ್ಲವೇ, ಒತ್ತಡವನ್ನು ನೋಡಿ ದೀಪಕ್ಕೆ ಸುದ್ದಿ ಮುಟ್ಟಿಸುವ ಹೆಬ್ಬೆರಳಿನ ಗಾತ್ರದ ಸೆನ್ಸರ್ ಕೆಟ್ಟು ಸುಳ್ಳು ಹೇಳುತ್ತಿದೆ ಎಂದರ್ಥ. ಎರಡರಲ್ಲಿ ಯಾವುದೆಂದು ಕಂಡುಹಿಡಿಯುವುದು ಮೆಕ್ಯಾನಿಕ್ಕಿನ ಕೆಲಸ. ಅವನ ಗ್ಯಾರೇಜಿಗೆ ಅಂದು ರಜೆ.

ಡಾಕ್ಟರಿಗೆ ಇದಕ್ಕಿಂತ ಶುಭಸಮಾಚಾರ ಬೇರೆ ಬೇಕಿರಲಿಲ್ಲ.

ಈ ಹೆಂಡತಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಓದಿ ಡಾಕ್ಟರಾದವರು ಗಂಡ. ಆದರೆ ರೋಗಿಗಳು ಹೆದರುತ್ತಿದ್ದದ್ದು ಈಕೆಗೆ. ಮನೆಯ ಮುಂದಿನ ಕೋಣೆಯೇ ಅವರ ದವಾಖಾನೆ. ಬಾಗಿಲ ಪಕ್ಕದ ಮೇಜಿಗೆ ಕೂತು ಯಾರು ಒಳಗೆ ಹೋಗಬೇಕು, ಯಾರು ಬಾಯಿ ತೊಳೆದು ಬರಬೇಕು ಎಂದು ತೀರ್ಮಾನಿಸುತ್ತಿದ್ದವರು ಈಕೆ. ಹಾಗಾಗಿ ಎಲ್ಲರೂ 'ಡಾಕ್ಟರಮ್ಮ' ಎಂದೇ ಕರೆಯುತ್ತಿದ್ದರು. ಸಂಜೆ ಅಂಗಳದ ಬಾಗಿಲು ಹಾಕಿದ ಮೇಲೂ ಡಾಕ್ಟರಮ್ಮನಿಗೆ ಒಂದು ಕೆಲಸ ಉಳಿಯುತ್ತಿತ್ತು. ಅಂದು ಹಲ್ಲು ಕೀಳಿಸಿಕೊಂಡು ಹೋದವರಿಗೆಲ್ಲ ಫೋನ್ ಮಾಡಿ, "ಹತ್ತಿ ತೆಗೆದ್ರಾ?" ಎಂದು ಕೇಳುವುದು. ಯಾಕೆಂದರೆ ಹಲ್ಲು ಕಿತ್ತ ಜಾಗಕ್ಕೆ ಹತ್ತಿ ತುರುಕುವುದನ್ನು ಡಾಕ್ಟರು ಎಂದೂ ಮರೆತವರಲ್ಲ. ಅದನ್ನು ಯಾವಾಗ ತೆಗೆಯಬೇಕೆಂದು ಹೇಳುವುದನ್ನು ಎಂದೂ ನೆನಪಿಟ್ಟವರಲ್ಲ. ಒಮ್ಮೆ ಒಬ್ಬ ಗಣಿತದ ಮೇಷ್ಟ್ರು ಹತ್ತಿ ಕಚ್ಚಿಕೊಂಡೇ ಮರುದಿನವಿಡೀ ಶಾಲೆಯಲ್ಲಿ ಕಳೆದರು. ಅಷ್ಟು ಒಳ್ಳೆಯ ಗಣಿತದ ಪಾಠ ತಮಗೆ ಹಿಂದೆಂದೂ ಆಗಿರಲಿಲ್ಲವೆಂದು ಮಕ್ಕಳು ಮನೆಗೆ ಹೋಗಿ ಹೇಳಿದರಂತೆ.

ಇಂಥ ಡಾಕ್ಟರಮ್ಮ ಕಾರಿನ ವಿಷಯದಲ್ಲಿ ಮಾತ್ರ ಪರಾಧೀನೆ. ಈಕೆಯ ಅಕ್ಕ ಗುಡ್ಡದ ಆಚೆ ಇದ್ದಾರೆ, ಮಂಡಿನೋವಿನಿಂದ ಮೆಟ್ಟಿಲಿಳಿಯಲಾರರು. ಈಕೆ ಹೋಗಬೇಕೆಂದರೆ ಡಾಕ್ಟರಿಗೆ ಬಿಡುವಾಗಬೇಕು. ಡಾಕ್ಟರಿಗೆ ಬಿಡುವಾದಾಗ ಯಾರಿಗೋ ದವಡೆ ಊದಿಕೊಳ್ಳುತ್ತದೆ. ಹೀಗೆ ಕಾದು ಕಾದು ಸಾಕಾಗಿ, ತಲೆಗೂದಲು ನರೆತ ಮೇಲೆ ಆಕೆ ಡ್ರೈವಿಂಗ್ ಕಲಿತಿದ್ದರು. ಕೈ ಚೆನ್ನಾಗಿಯೇ ಕೂತಿತ್ತು. ಆದರೂ ಟೆಸ್ಟಿನಲ್ಲಿ ಎರಡು ಸಲ ಫೇಲಾಗಿದ್ದರು. ಎರಡೂ ಸಲ ಹಿಂದಿನ ಸೀಟಿನಲ್ಲಿ ಡಾಕ್ಟರು ಕೂತಿದ್ದರು. ಮೊದಲನೇ ಸಲ "ಬ್ರೇಕು, ಬ್ರೇಕು" ಎಂದು ಕೂಗಿದರು. ಪರೀಕ್ಷಾಧಿಕಾರಿಯ ತಲೆ ಗಾಜಿಗೆ ಬಡಿಯಿತು. ಎರಡನೇ ಸಲ ಕೂಗುವುದಿಲ್ಲವೆಂದು ಆಣೆ ಮಾಡಿ, ತಿರುವಿನಲ್ಲಿ ಕೆಮ್ಮಿದರು. ಈ ಸಲವೂ ಹೋದರೆ ಮತ್ತೆ ಸರದಿ ಬರುವಷ್ಟರಲ್ಲಿ ಮಳೆಗಾಲ ಮುಗಿದಿರುತ್ತದೆ.

"ಎರಡು ಸಲ ನಿನ್ನ ಟೆಸ್ಟ್ ಕೆಡಿಸಿದ್ದೀನಿ. ಇವತ್ತು ಆ ಕಳಂಕ ತೊಳ್ಕೋತೀನಿ" ಎಂದು ಡಾಕ್ಟರು ಬಿಳಿ ಕೋಟು ತೊಟ್ಟರು.

"ಕೋಟು ಯಾಕ್ರೀ?"

"ಶಸ್ತ್ರಚಿಕಿತ್ಸೆ, ಇವಳೇ. ಶಿಸ್ತು ಬೇಡ್ವಾ?"

ಹಣೆಗೆ ದೀಪ ಕಟ್ಟಿಕೊಂಡು, ಉದ್ದ ಹಿಡಿಯ ಪುಟ್ಟ ಕನ್ನಡಿ ಹಿಡಿದು, ಸಲಕರಣೆಯ ತಟ್ಟೆಯನ್ನು ಮುರುಕು ಸ್ಟೂಲಿನ ಮೇಲಿಟ್ಟು, ಡಾಕ್ಟರು ಶೆಡ್ಡಿನಲ್ಲಿದ್ದ ಕಾರಿನ ಬಾನೆಟ್ ಎತ್ತಿದರು. "ಇನ್ನೂ ಸ್ವಲ್ಪ ಅಗಲಕ್ಕೆ" ಎಂದು ಅಭ್ಯಾಸಬಲದಿಂದ ಬಾಯಿಗೆ ಬಂತು. ಒಳಗೆ ಇಣುಕಿ ನೋಡಿ ಲೊಚಗುಟ್ಟಿದರು. ಎಷ್ಟೊಂದು ಕಸ, ಎಷ್ಟೊಂದು ಪಾಚಿ! ದಿನಕ್ಕೆರಡು ಸಲ ಉಜ್ಜಿದ್ದರೆ ಈ ಗತಿ ಬರುತ್ತಿತ್ತೇ?

ಆದರೆ ಡಾಕ್ಟರನ್ನು ಪೂರ್ತಿ ಪೆದ್ದರೆಂದು ತಿಳಿಯಬಾರದು. ರೋಗ ಪತ್ತೆಮಾಡುವುದರಲ್ಲಿ ಅವರದು ಎತ್ತಿದ ಕೈ. ಮೊದಲು ಅಳತೆಕಡ್ಡಿ ಎಳೆದು ನೋಡಿದರು, ಆಯಿಲ್ ತುಂಬಿತ್ತು. ಎಂಜಿನ್ ಚಾಲೂ ಮಾಡಿ ಕಿವಿಗೊಟ್ಟರು. ಆಯಿಲ್ ಸಿಗದ ಎಂಜಿನ್ನಿನ ಟಕಟಕ ಸದ್ದು ಇರಲಿಲ್ಲ. ನಿಲ್ಲಿಸಿ, ಬರೀ ಕೀಲಿ ತಿರುಗಿಸಿಟ್ಟು, ಕನ್ನಡಿಯ ಸಹಾಯದಿಂದ ಎಂಜಿನ್ನಿನ ಸಂದಿಯಲ್ಲಿ ಸೆನ್ಸರನ್ನು ಹುಡುಕಿ, ಅದರ ತಲೆಗೆ ಸಿಕ್ಕಿಸಿದ್ದ ವೈರನ್ನು ಕಳಚಿದರು. ಒಳಗೆ ದೀಪ ಆರಿತು. ವೈರಿನ ತುದಿಯನ್ನು ಕಬ್ಬಿಣಕ್ಕೆ ತಾಗಿಸಿದರು. ದೀಪ ಹತ್ತಿತು.

"ನರ ಜೀವಂತವಾಗಿದೆ" ಎಂದು ಘೋಷಿಸಿದರು. "ದವಡೆ ಗಟ್ಟಿಯಾಗಿದೆ. ಹಲ್ಲೊಂದೇ ಕೆಟ್ಟಿರೋದು. ಕಿತ್ತು ಹೊಸದು ಹಾಕಿದ್ರಾಯ್ತು. ನೀನು ಹೋಗಿ ತಲೆ ಬಾಚ್ಕೋ."

ಎಂದೂ ಹೊಗಳದ ಡಾಕ್ಟರಮ್ಮನಿಗೂ ಅರೆಕ್ಷಣ ಗಂಡನ ಮೇಲೆ ನಂಬಿಕೆ ಬಂತು. ಆಮೇಲೆ ಆಕೆ ಅದಕ್ಕಾಗಿ ತಮ್ಮನ್ನೇ ಬೈದುಕೊಂಡರು, ಆ ಮಾತು ಬೇರೆ.

ಸೆನ್ಸರಿನ ಬುಡಕ್ಕೆ ಸ್ಪ್ಯಾನರ್ ಹೋಗಲಿಲ್ಲ. ಆದರೆ ಬುದ್ಧಿಹಲ್ಲು ಕೀಳುವ ಬಾಗಿದ ಇಕ್ಕಳ ಸಲೀಸಾಗಿ ಹೋಯಿತು. ಹಿಂದಿನವರು ಏನನ್ನು ಕಂಡು ಅದಕ್ಕೆ ಆ ಬಾಗು ಕೊಟ್ಟರೋ ಎಂದು ಡಾಕ್ಟರಿಗೆ ಪುಳಕವಾಯಿತು. "ಸ್ವಲ್ಪ ಒತ್ತಿದ ಹಾಗಾಗುತ್ತೆ, ಅಷ್ಟೆ. ನೋವಾಗಲ್ಲ" ಎಂದು ಕಾರಿಗೆ ಧೈರ್ಯ ಹೇಳಿ ತಿರುಪಿದರು. ಜಗ್ಗಲಿಲ್ಲ. ಬಂಪರಿಗೆ ಒಂದು ಕಾಲು ಕೊಟ್ಟು, ಹಲ್ಲು ಕಚ್ಚಿ, ಮತ್ತೆ ತಿರುಪಿದರು. ಕಿರ್ರೆಂದು ಸಡಿಲವಾಯಿತು. ಸೆನ್ಸರ್ ಕೈಗೆ ಬಂತು, ಹಿಂದೆಯೇ ಕರಿಯ ಆಯಿಲ್ ಜಿನುಗಿ ಬಿಳಿ ಕೋಟಿನ ತೋಳಿಗೆ ಇಳಿಯಿತು.

ಜಿನುಗುವುದನ್ನು ಕಂಡ ಕೂಡಲೇ ಡಾಕ್ಟರ ಕೈ ತಾನಾಗಿ ಕೆಲಸ ಮಾಡಿತು. ತಟ್ಟೆಯಿಂದ ಹತ್ತಿ, ಹತ್ತಿಯಿಂದ ಉಂಡೆ, ಉಂಡೆ ನೇರ ರಂಧ್ರಕ್ಕೆ. "ಗಟ್ಟಿಯಾಗಿ ಕಚ್ಚಿ ಹಿಡ್ಕೊಳ್ಳಿ, ಮಾತಾಡ್ಬೇಡಿ" ಎಂದು ಎಂಜಿನ್ನಿನ ಭುಜ ತಟ್ಟಿದರು. ಚಹಾ ತಂದಿದ್ದ ಡಾಕ್ಟರಮ್ಮ ಬಾಗಿಲಲ್ಲಿ ನಿಂತು ಇದನ್ನು ನೋಡಿ, ಚಹಾವನ್ನು ತಾವೇ ಕುಡಿದು ಒಳಗೆ ಹೋದರು.

ಬಿಡಿಭಾಗದ ಅಂಗಡಿ ಬೀದಿಯ ಕೊನೆಯಲ್ಲಿತ್ತು. ಡಾಕ್ಟರು ಕಿತ್ತ ಸೆನ್ಸರನ್ನು, ಮಕ್ಕಳಿಗೆ ಅವರ ಹಾಲುಹಲ್ಲು ಹಾಕಿಕೊಡುವ ಪುಟ್ಟ ಗುಲಾಬಿ ಡಬ್ಬಿಯಲ್ಲಿಟ್ಟು ತಂದು ತೋರಿಸಿದರು. ಅಂಗಡಿಯವನು ಡಬ್ಬಿಯನ್ನೂ ನೋಡಿದ, ಹಣೆಯ ಮೇಲೆ ಇನ್ನೂ ಉರಿಯುತ್ತಿದ್ದ ದೀಪವನ್ನೂ ನೋಡಿದ.

"ಮನೇಲೇ ಬಿಚ್ಚಿದ್ರಾ ಸಾರ್?"

"ಒಂದೇ ಏಟಿಗೆ."

"ಮೇಷ್ಟ್ರಿಗೆ ಕಿತ್ತ ಹಾಗೇನಾ?" ಎಂದು ಕೇಳಿ, ಅವನು ಅಂಥದ್ದೇ ಹೊಸ ಸೆನ್ಸರನ್ನು ಕೊಟ್ಟ. ಡಾಕ್ಟರು ಆ ಪ್ರಶ್ನೆಯನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಬಂದು ನೋಡಿದರೆ ಜಿನುಗುವುದು ಪೂರ್ತಿ ನಿಂತಿತ್ತು. ತಮ್ಮ ಕೈಗುಣಕ್ಕೆ ತಾವೇ ತಲೆದೂಗಿ, ಡಾಕ್ಟರು ಹೊಸ ಸೆನ್ಸರನ್ನು ತಿರುಪಿ ಕೂರಿಸಿದರು. ಕೊಂಚ ಬಿಗಿ ಎನಿಸಿತು. ಹೊಸ ಹಲ್ಲು ಮೊದಮೊದಲು ಹಾಗೇ ಎಂದು ಸಮಾಧಾನಪಟ್ಟು ಇನ್ನೊಂದು ಸುತ್ತು ಬಿಗಿದರು. ವೈರು ಸಿಕ್ಕಿಸಿದರು. ಹೆಂಡತಿಯನ್ನು ಕರೆದು ಸಮಾರಂಭದ ಉದ್ಘಾಟನೆಯ ಗತ್ತಿನಲ್ಲಿ ಕೀಲಿ ತಿರುಗಿಸಿದರು.

ಎಂಜಿನ್ ಗುರುಗುಟ್ಟಿತು. ಕೆಂಪು ದೀಪ ಉರಿಯುತ್ತಲೇ ಇತ್ತು.

"ಬಿಸಿಯಾಗ್ಲಿ, ಆರುತ್ತೆ" ಎಂದರು ಡಾಕ್ಟರು.

ಬಿಸಿಯಾಯಿತು. ಡಾಕ್ಟರಮ್ಮನೂ ಬಿಸಿಯಾದರು. ದೀಪ ಆರಲಿಲ್ಲ.

"ಹುಟ್ಟಿದಾಗಲೇ ಹುಳುಕು ಇದು" ಎಂದು ಡಾಕ್ಟರು ಸೆನ್ಸರನ್ನು ಕಿತ್ತುಕೊಂಡು ಮತ್ತೆ ಬೀದಿಗಿಳಿದರು. ಈ ಸಲ ಒಂದು ತೊಟ್ಟು ಆಯಿಲೂ ಸುರಿಯಲಿಲ್ಲ. ಅದು ಯಾಕೆಂದು ಅವರು ಕೇಳಿಕೊಳ್ಳಲಿಲ್ಲ. ಅನುಭವಸ್ಥನ ಕೈಗೆ ಎಂಜಿನ್ ಪಳಗಿತು ಎಂದುಕೊಂಡರು. ಅಂಗಡಿಯವನು ತಕರಾರಿಲ್ಲದೆ ಇನ್ನೊಂದನ್ನು ಕೊಟ್ಟ. ಅದನ್ನೂ ಕೂರಿಸಿದರು, ಇನ್ನಷ್ಟು ಬಿಗಿಯಾಗಿ. ದೀಪ ಇನ್ನಷ್ಟು ಕೆಂಪಗೆ ಉರಿದಂತೆ ಕಂಡಿತು.

ಅಲ್ಲಿಂದ ಮುಂದೆ ಡಾಕ್ಟರ ಬಾಯಿಂದ ಸಿದ್ಧಾಂತಗಳ ಸುರಿಮಳೆ. ಆಯಿಲ್ ಪಂಪು ಹೋಗಿದೆ. ಬ್ಯಾಟರಿಗೆ ಮರೆವು. ಕಾರಿಗೆ ಹೊರಗಿನ ವಸ್ತುವನ್ನು ಒಪ್ಪಿಕೊಳ್ಳದ ಕಾಯಿಲೆ. ಕೊನೆಗೆ ಗಾಯಕ್ಕೆ ಅಂಟಿಸುವ ಬಿಳಿ ಪಟ್ಟಿಯೊಂದನ್ನು ಹರಿದು ದೀಪದ ಮೇಲೆ ಅಂಟಿಸಿ, ದೂರದಿಂದ ತಲೆ ವಾಲಿಸಿ ನೋಡಿದರು.

"ಈಗ ಎಲ್ಲಿದೆ ದೀಪ? ತೋರ್ಸು ನೋಡೋಣ."

ಡಾಕ್ಟರಮ್ಮ ಶೆಡ್ಡಿನ ಮೆಟ್ಟಿಲ ಮೇಲೆ ಕೂತರು. ಒಳ್ಳೆಯ ಸೀರೆ ಉಟ್ಟಿದ್ದರು, ಕೈಯಲ್ಲಿ ಕಲಿಕೆಯ ಲೈಸೆನ್ಸ್ ಇತ್ತು. "ಅಕ್ಕನಿಗೆ ಸಂಜೆ ಬರ್ತೀನಿ ಅಂದಿದ್ದೆ" ಎಂದರು. "ನಾನೇ ಓಡಿಸ್ಕೊಂಡು ಬರ್ತೀನಿ, ಕಿಟಕೀಲಿ ನಿಂತು ನೋಡು ಅಂದಿದ್ದೆ. ಅವಳು ಕುರ್ಚಿ ಎಳೆದು ಕಿಟಕಿ ಹತ್ರ ಹಾಕ್ಸಿಕೊಂಡಿದ್ದಾಳಂತೆ."

ಬೈದಿದ್ದರೆ ಡಾಕ್ಟರು ತಡೆದುಕೊಳ್ಳುತ್ತಿದ್ದರು, ಬೈಸಿಕೊಂಡು ಅಭ್ಯಾಸವಿತ್ತು. ಈ ಮಾತಿಗೆ ಮಾತ್ರ, ಮೂರನೇ ಸಲವೂ ತಾವೇ ಕೆಡಿಸಿದೆವಲ್ಲ ಎಂದು ನಾಚಿಕೆಯಾಯಿತು. ಬಿಳಿ ಪಟ್ಟಿಯನ್ನು ಮೆಲ್ಲಗೆ ಕಿತ್ತು ಜೇಬಿಗೆ ಹಾಕಿಕೊಂಡು, ಇಂಗು ತಿಂದ ಮಂಗನಂತೆ ನಿಂತರು.

ಆಗ ಬೀದಿಯ ತಿರುವಿನಿಂದ ಟಿಣಿಟಿಣಿ ಸಂಗೀತ ಕೇಳಿಸಿತು. ಬಣ್ಣಬಣ್ಣದ ಐಸ್‌ಕ್ರೀಮಿನ ವ್ಯಾನೊಂದು ಬಂದು ಅವರ ಗೇಟಿನೆದುರು ನಿಂತಿತು. ಇಳಿದ ಐಸ್‌ಕ್ರೀಮಿನವನ ಒಂದು ಕೆನ್ನೆ ಊದಿ ಇನ್ನೊಂದು ಕೆನ್ನೆಯ ಎರಡರಷ್ಟಾಗಿತ್ತು. ಗದ್ದದಿಂದ ನೆತ್ತಿಗೆ ಮಫ್ಲರ್ ಬಿಗಿದಿದ್ದ. ಬಾಯಿ ತೆರೆಯಲಾಗದೆ "ಊಂ, ಊಂ" ಎಂದು ಬೆರಳಿನಿಂದ ದವಡೆ ತೋರಿಸಿದ.

"ಇವತ್ತು ರಜೆ" ಎಂದರು ಡಾಕ್ಟರು. "ನನ್ನ ಕೈ ನೋಡಪ್ಪಾ."

ಕೈ ಮೊಣಕೈವರೆಗೆ ಕಪ್ಪಾಗಿತ್ತು. ಐಸ್‌ಕ್ರೀಮಿನವನ ಕಣ್ಣಲ್ಲಿ ನೀರು ಬಂತು.

ಡಾಕ್ಟರಮ್ಮ ಎದ್ದರು. ಅವನನ್ನು ನೋಡಲಿಲ್ಲ, ವ್ಯಾನನ್ನು ನೋಡಿದರು. ಅದರ ಗಾಜಿನೊಳಗೆ ಕಣ್ಣು ಹಾಯಿಸಿ ಫಲಕ ನೋಡಿದರು. ಒಂದೇ ಒಂದು ಕೆಂಪು ದೀಪವಿರಲಿಲ್ಲ.

"ನಿಂಗೆ ಲೈಸೆನ್ಸ್ ಇದೆಯೇನಪ್ಪಾ?"

"ಊಂ."

"ಟೆಸ್ಟಿಗೆ ನಾನೇ ಈ ವ್ಯಾನ್ ಓಡಿಸ್ತೀನಿ, ಪಕ್ಕದಲ್ಲಿ ಕೂತ್ಕೊಂಡು ಬರ್ತೀಯಾ? ಈಗ ನೋವಿಗೆ ಮಾತ್ರೆ ಕೊಡ್ತೀನಿ. ನಾವು ಬರೋಷ್ಟರಲ್ಲಿ ಇವರು ಕೈ ತೊಳ್ಕೊಂಡು ನಿಂತಿರ್ತಾರೆ. ಬಂದ ಕೂಡ್ಲೇ ಹಲ್ಲು ಕೀಳಿಸ್ತೀನಿ. ಆಗ್ಬಹುದಾ?"

"ಊಂ, ಊಂ" ಎಂದ ಐಸ್‌ಕ್ರೀಮಿನವನು, ಎರಡು ಸಲ.

"ನಾನೂ ಬರ್ತೀನಿ, ಹಿಂದೆ ಕೂತ್ಕೋತೀನಿ" ಎಂದು ಡಾಕ್ಟರು ಮುಂದೆ ಬಂದರು.

"ಹಿಂದೆ ಸೀಟಿಲ್ಲ. ಫ್ರೀಜರ್ ಇದೆ. ಅದ್ರೊಳಗೆ ಕೂತ್ಕೊಳ್ಳೋದಾದ್ರೆ ಬನ್ನಿ."

ಡಾಕ್ಟರು ಒಂದು ಗಳಿಗೆ ಯೋಚಿಸಿದ್ದು ಸುಳ್ಳಲ್ಲ.

ವ್ಯಾನು ಹೋದ ಮೇಲೆ ಅವರು ಸಾಬೂನು, ಸೀಮೆಎಣ್ಣೆ, ಪಾತ್ರೆ ತಿಕ್ಕುವ ನಾರು ಎಲ್ಲ ಹಾಕಿ ಕೈ ಉಜ್ಜಿದರು. ಉಜ್ಜಿದ ಕೈಯಲ್ಲಿ ಮತ್ತೆ ಒಂದು ಸಲ ಎಂಜಿನ್ ಮುಟ್ಟಿದರು. ಮತ್ತೆ ಉಜ್ಜಿದರು. ಗೇಟಿಗೂ ಶೆಡ್ಡಿಗೂ ಓಡಾಡಿದರು. ಹೆಂಡತಿ ತಿರುವಿನಲ್ಲಿರಬಹುದು ಎನಿಸಿದಾಗ ಕೆಮ್ಮು ಬಂತು. ಅಲ್ಲಿ ಯಾರೂ ಇಲ್ಲದಿದ್ದರೂ ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು.

ಕೊನೆಗೆ ಸಂಗೀತ ಕೇಳಿಸಿತು. ವ್ಯಾನಿನ ಹಿಂದೆ ಮಕ್ಕಳ ದಂಡೇ ಓಡಿಬರುತ್ತಿತ್ತು. ಡಾಕ್ಟರಮ್ಮ ಗೇಟಿನೊಳಕ್ಕೆ ಹಿಮ್ಮುಖವಾಗಿ, ಒಂದು ಹೂಕುಂಡವನ್ನೂ ಮುಟ್ಟದೆ ವ್ಯಾನನ್ನು ತಂದು ನಿಲ್ಲಿಸಿದರು. ಮುಖ ನೋಡಿದರೇ ಗೊತ್ತಾಗುತ್ತಿತ್ತು.

"ಪಾಸಾ?"

"ಪಾಸು. ಈ ಗಾಡಿ ರಿವರ್ಸಿಗೆ ಹಾಕಿದ ಕೂಡ್ಲೇ ತಾನೇ ಹಾಡುತ್ತೆ ರೀ. ಮೈದಾನದಲ್ಲಿದ್ದೋರೆಲ್ಲ ಸರಿದು ನಿಂತ್ರು. ಇಷ್ಟು ಮರ್ಯಾದೆಯಾಗಿ ಸೂಚನೆ ಕೊಟ್ಟು ಹಿಂದಕ್ಕೆ ಬಂದೋರನ್ನ ನಾನು ನೋಡೇ ಇಲ್ಲ ಅಂದ್ರು ಪರೀಕ್ಷಾಧಿಕಾರಿ. ಆಮೇಲೆ ಒಂದು ಐಸ್‌ಕ್ರೀಮ್ ಇಸ್ಕೊಂಡ್ರು."

"ಹೆದರಿಕೆ ಆಗ್ಲಿಲ್ವಾ?"

"ಯಾಕಾಗ್ಬೇಕು? ಪಾಪ, ಇವನು ಹೋಗುವಾಗ ಬರುವಾಗ ಒಂದು ಮಾತಾಡ್ಲಿಲ್ಲ. ಇಂಥ ಗಂಡಸಿನ ಪಕ್ಕ ಕೂತ್ರೆ ಯಾರು ಬೇಕಾದ್ರೂ ಪಾಸಾಗ್ತಾರೆ."

ಐಸ್‌ಕ್ರೀಮಿನವನು ವಿನಯದಿಂದ "ಊಂ" ಎಂದ.

ಡಾಕ್ಟರು ಅವನನ್ನು ಒಳಗೆ ಕರೆದೊಯ್ದರು. ಇದು ಅವರ ರಾಜ್ಯ. ಇಲ್ಲಿ ಅವರ ಕೈ ತಪ್ಪುವುದಿಲ್ಲ. ಸೂಜಿ ಚುಚ್ಚಿ ಮರಗಟ್ಟಿಸಿ, ತೊಳೆದು ಕುದಿಸಿದ ಬೇರೆ ಇಕ್ಕಳದಿಂದ ಹಲ್ಲು ಎಳೆದು, ಹತ್ತಿಯುಂಡೆ ಇಟ್ಟು, "ಗಟ್ಟಿಯಾಗಿ ಕಚ್ಚಿ ಹಿಡ್ಕೊಳ್ಳಿ, ಮಾತಾಡ್ಬೇಡಿ" ಎಂದರು. ಸಲಕರಣೆಯ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದ ಡಾಕ್ಟರಮ್ಮ ಆ ಮಾತು ಕೇಳಿ ಯಾಕೋ ಹುಬ್ಬು ಗಂಟಿಕ್ಕಿದರು. ಏನೋ ನೆನಪಿಗೆ ಬಂದಂತಾಗಿ ಬರಲಿಲ್ಲ.

ಅವನು ಮನೆ ಸೇರುವಷ್ಟು ಹೊತ್ತಾದ ಮೇಲೆ, ಬಿಸಿಲು ಇನ್ನೂ ಗೋಡೆಯ ಮೇಲಿರುವಾಗಲೇ, ಆಕೆ ಎಂದಿನಂತೆ ಮೇಜಿಗೆ ಕೂತು ಫೋನ್ ಎತ್ತಿದರು.

"ನಮಸ್ಕಾರ, ಹಲ್ಲಿನ ದವಾಖಾನೆಯಿಂದ. ಹತ್ತಿ ತೆಗೆದ್ಯಾ? ತೆಗಿಯಪ್ಪಾ. ಹೂಂ, ಹೂಂ, ಇನ್ಮೇಲೆ ಮಾತಾಡ್ಬಹುದು."

ಫೋನ್ ಇಟ್ಟರು. ಇಟ್ಟ ಕೈ ಅಲ್ಲೇ ನಿಂತಿತು. ಕಿಟಕಿಯಾಚೆ, ಶೆಡ್ಡಿನಲ್ಲಿ, ಬಾನೆಟ್ಟಿನ ಕೆಳಗಿನಿಂದ ಡಾಕ್ಟರ ಅರ್ಧ ದೇಹ ಕಾಣುತ್ತಿತ್ತು. ಆಯಿಲ್ ಪಂಪಿಗೆ ಕೈ ಹಾಕುವ ತಯಾರಿಯಲ್ಲಿದ್ದರು. ಡಾಕ್ಟರಮ್ಮ ಮತ್ತೆ ಫೋನ್ ಎತ್ತಿದರು. ಶೆಡ್ಡಿನಲ್ಲಿ ಡಾಕ್ಟರ ಜೇಬು ಗುಯ್‌ಗುಟ್ಟಿತು. ಬೆಚ್ಚಿ ತಲೆಯೆತ್ತಿದವರು ಬಾನೆಟ್ಟಿಗೆ ನೆತ್ತಿ ಹೊಡೆಸಿಕೊಂಡು, ಕಪ್ಪು ಕೈಯಿಂದ ಫೋನನ್ನು ಕಿವಿಗಿಟ್ಟರು.

"ನಮಸ್ಕಾರ" ಎಂದಿತು ಹೆಂಡತಿಯ ಧ್ವನಿ, ರೋಗಿಗಳಿಗೆ ಮೀಸಲಾದ ಮರ್ಯಾದೆಯಲ್ಲಿ. "ಹಲ್ಲಿನ ದವಾಖಾನೆಯಿಂದ ಮಾತಾಡ್ತಿರೋದು. ಬೆಳಗ್ಗೆ ನಿಮ್ಮ ಕಾರಿಗೆ ಒಂದು ಹಲ್ಲು ಕಿತ್ತಿದ್ರಲ್ಲ?"

"ಹೌದು."

"ಹತ್ತಿ ತೆಗೆದ್ರಾ?"

ಶೆಡ್ಡಿನಿಂದ ನಲ್ಲಿ ತೊಟ್ಟಿಕ್ಕುವುದೊಂದೇ ಕೇಳಿಸಿತು; ಅದೂ ಡಾಕ್ಟರೇ ರಿಪೇರಿ ಮಾಡಿದ ನಲ್ಲಿ.

ಅವರು ಫೋನ್ ಇಟ್ಟರು. ಸೆನ್ಸರ್ ಬಿಚ್ಚಿದರು. ಸಪೂರ ಚಿಮಟವನ್ನು ರಂಧ್ರದೊಳಗೆ ಇಳಿಸಿ ಹಿಡಿದು ಎಳೆದರು. ಎರಡೆರಡು ಸೆನ್ಸರುಗಳ ಕೈಲಿ ಒಳಕ್ಕೆ ಒತ್ತಿಸಿಕೊಂಡು, ಆಯಿಲ್ ಕುಡಿದು ಕಪ್ಪಾಗಿ, ಬಿರಟೆಯಂತೆ ಗಟ್ಟಿಯಾಗಿದ್ದ ಹತ್ತಿ ಹೊರಬಂತು. ತೀರ ಒಳಗೆ ಒಂದು ಎಳೆಯೂ ಉಳಿದಿಲ್ಲವೆಂದು ಕನ್ನಡಿ ಹಿಡಿದು ಮತ್ತೆ ಮತ್ತೆ ನೋಡಿದರು. ಸೆನ್ಸರ್ ಕೂರಿಸಿ, ವೈರು ಸಿಕ್ಕಿಸಿ, ಕೀಲಿ ತಿರುಗಿಸಿದರು. ಕೆಂಪು ದೀಪ ಹತ್ತಿತು; ಎಂಜಿನ್ ಚಾಲೂ ಆದ ಕೂಡಲೇ ಏನೂ ಆಗಿಯೇ ಇಲ್ಲವೆಂಬಂತೆ ಆರಿತು.

ಡಾಕ್ಟರಮ್ಮ ಸೆರಗು ಸರಿಮಾಡಿಕೊಂಡು ಬಂದು ನಿಂತಿದ್ದರು. ಬೈಯಲಿಲ್ಲ. ಕೈ ಚಾಚಿದರು.

"ಕೀಲಿ."

ಕೀಲಿ ಕೊಟ್ಟರು.

"ಅಕ್ಕ ಕಿಟಕೀಲಿ ಕಾಯ್ತಿದ್ದಾಳೆ. ಬರ್ತೀರಾ?"

"ಬರ್ಲಾ?" ಎಂದರು ಡಾಕ್ಟರು. ಮಗುವಿನಂಥ ಆಸೆ ಅವರ ಮುಖದಲ್ಲಿ ಮೂಡಿತು. "ನಾನು ಹಿಂದಿನ ಸೀಟಲ್ಲಿ ತೆಪ್ಪಗೆ ಕೂತಿರ್ತೀನಿ. ಆದ್ರೆ ಗುಡ್ಡದ ತಿರುವಲ್ಲಿ ಮಾತ್ರ ಒಂಚೂರು, ನೀನು ಗೇರ್ ಬದಲಾಯಿಸೋವಾಗ ಏನು ಮಾಡ್ಬೇಕು ಅಂದ್ರೆ..."

ಡಾಕ್ಟರಮ್ಮ ಹಿಂದಿನ ಬಾಗಿಲು ತೆಗೆದು ಅವರನ್ನು ಕೂರಿಸಿದರು. ಸ್ಟೂಲಿನ ಮೇಲಿದ್ದ ತಟ್ಟೆಯಿಂದ ಬೆಳ್ಳಗಿನ ಹತ್ತಿ ತೆಗೆದು, ಇಷ್ಟು ವರ್ಷ ನೋಡಿ ಕಲಿತ ಕೈಯಲ್ಲಿ ಉಂಡೆ ಕಟ್ಟಿ, ಗಂಡನ ತೆರೆದ ಬಾಯಿಗೆ ಇಟ್ಟರು.

"ಗಟ್ಟಿಯಾಗಿ ಕಚ್ಚಿ ಹಿಡ್ಕೊಳ್ಳಿ" ಎಂದು ಸ್ಟಿಯರಿಂಗ್ ಮುಂದೆ ಕೂತು, ಕನ್ನಡಿ ಸರಿಮಾಡಿಕೊಂಡರು. "ತೆಗೆಯೋದು ಯಾವಾಗ ಅಂತ ನಾನೇ ಫೋನ್ ಮಾಡಿ ಹೇಳ್ತೀನಿ."

"ಊಂ" ಎಂದರು ಡಾಕ್ಟರು.